ಯಂತ್ರದ ನಾಡಿ ಹಿಡಿಯುವವರು: ಬಯೋಮೆಡಿಕಲ್ ಎಂಜಿನಿಯರ್‌ಗಳ ಕೆಲಸ ಮತ್ತು ವೃತ್ತಿಯ ಹಾದಿ

ಅವಧಿಗೆ ಮುನ್ನ ಹುಟ್ಟಿದ ಮಗುವೊಂದನ್ನು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ವಾರ್ಮರ್ ಯಂತ್ರದ ಕೆಳಗೆ ಮಲಗಿಸಲಾಗಿದೆ ಎಂದಿಟ್ಟುಕೊಳ್ಳೋಣ. ಮಗುವಿನ ಹೊಟ್ಟೆಯ ಮೇಲೆ ಅಂಟಿಸಿದ ಪುಟ್ಟ ಸಂವೇದಕವು ಚರ್ಮದ ಉಷ್ಣತೆಯನ್ನು ಕ್ಷಣಕ್ಷಣವೂ ಅಳೆಯುತ್ತಿರುತ್ತದೆ. ಉಷ್ಣತೆ ಇಳಿದರೆ ಯಂತ್ರ ಶಾಖ ಹೆಚ್ಚಿಸುತ್ತದೆ, ಏರಿದರೆ ತಗ್ಗಿಸುತ್ತದೆ. ಈಗ ಸಂವೇದಕದ ಅಂಟು ಸಡಿಲಗೊಂಡು ಅದು ಮೈಯಿಂದ ಕಳಚಿತು ಎಂದು ಭಾವಿಸಿ. ಅದು ಅಳೆಯುವುದು ಇನ್ನು ಮಗುವಿನ ಮೈಯನ್ನಲ್ಲ, ಸುತ್ತಲಿನ ಗಾಳಿಯನ್ನು. ಮಗು ತಣ್ಣಗಾಗುತ್ತಿದೆಯೆಂದು ತಪ್ಪಾಗಿ ತಿಳಿದ ಯಂತ್ರವು ಶಾಖವನ್ನು ಇನ್ನಷ್ಟು ಹೆಚ್ಚಿಸತೊಡಗುತ್ತದೆ. ಆಗ ಮಗುವನ್ನು ಕಾಪಾಡಬೇಕಾದುದು ಯಂತ್ರದ ಎಚ್ಚರಿಕೆಯ ಗಂಟೆ ಮತ್ತು ಅದನ್ನು ಕೇಳಿ ಓಡಿ ಬರುವ ದಾದಿ.

ಆ ಗಂಟೆ ಸರಿಯಾದ ಹೊತ್ತಿಗೆ ಬಾರಿಸುತ್ತದೆಯೇ, ಸಂವೇದಕ ತೋರಿಸುವ 36.5 ಡಿಗ್ರಿ ನಿಜಕ್ಕೂ 36.5 ಡಿಗ್ರಿಯೇ ಎಂಬುದನ್ನು ಮೊದಲೇ ಪರೀಕ್ಷಿಸಿ ಇಡಬೇಕಾದವರು ಯಾರು? ವೈದ್ಯರಿಗೆ ಅದಕ್ಕೆ ಪುರುಸೊತ್ತಿಲ್ಲ. ದಾದಿಯರಿಗೆ ಅದರ ತರಬೇತಿಯಿಲ್ಲ. ರೋಗಿಯ ಕಡೆಯವರ ಕಣ್ಣಿಗೆ ಅಪರೂಪಕ್ಕೆ ಬೀಳುವ ಬಯೋಮೆಡಿಕಲ್ ಎಂಜಿನಿಯರ್‌ನ ಕೆಲಸ ಶುರುವಾಗುವುದು ಇಲ್ಲಿಂದಲೇ.

ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಶಾಖೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡ ವಿದ್ಯಾರ್ಥಿಗಳಲ್ಲಿ ಈ ಹೆಸರನ್ನು ಕಂಡು ತಡವರಿಸುವವರೇ ಹೆಚ್ಚು. ಇದು ವೈದ್ಯಕೀಯವೋ, ಎಂಜಿನಿಯರಿಂಗೋ ಎಂಬ ಪ್ರಶ್ನೆ ಹೆತ್ತವರನ್ನೂ ಕಾಡುತ್ತದೆ. ಆದ್ದರಿಂದ ಈ ವೃತ್ತಿಯ ಒಳಹೊರಗನ್ನು ತುಸು ವಿವರವಾಗಿ ನೋಡುವುದು ಉಚಿತ.

ಹೆಸರಿನ ಗೊಂದಲ

ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದರೆ ಎಂಜಿನಿಯರಿಂಗ್‌ನ ತತ್ವಗಳನ್ನು ಮಾನವ ಶರೀರದ ಅಧ್ಯಯನಕ್ಕೂ ಚಿಕಿತ್ಸೆಗೂ ಅನ್ವಯಿಸುವ ಶಾಸ್ತ್ರ. ಇದರ ಬುನಾದಿ ಎಲೆಕ್ಟ್ರಾನಿಕ್ಸ್, ಯಂತ್ರಶಾಸ್ತ್ರ, ವಸ್ತುವಿಜ್ಞಾನ ಮತ್ತು ಗಣಿತ. ಅದರ ಮೇಲೆ ಶರೀರರಚನೆ ಹಾಗೂ ಶರೀರಕ್ರಿಯಾಶಾಸ್ತ್ರದ ಪರಿಚಯವನ್ನು ಸೇರಿಸಲಾಗುತ್ತದೆ. ಬಯೋಟೆಕ್ನಾಲಜಿ ಬೇರೆ, ಅದು ಜೀವಕೋಶ, ಕಿಣ್ವ, ಲಸಿಕೆಗಳ ಲೋಕ. ಪ್ರಯೋಗಾಲಯ ತಂತ್ರಜ್ಞರ ಕೋರ್ಸು ಕೂಡ ಬೇರೆ. ಅಲ್ಲಿ ಕಲಿಸುವುದು ಯಂತ್ರವನ್ನು ಬಳಸಿ ರಕ್ತ, ಮೂತ್ರಗಳನ್ನು ಪರೀಕ್ಷಿಸುವುದನ್ನು. ಆ ಯಂತ್ರವನ್ನು ರೂಪಿಸುವವನು, ಕೊಳ್ಳುವಾಗ ಆಯ್ಕೆಗೆ ನೆರವಾಗುವವನು, ಅದು ಕೆಟ್ಟಾಗ ಬಿಚ್ಚಿ ನೋಡುವವನು ಬಯೋಮೆಡಿಕಲ್ ಎಂಜಿನಿಯರ್.

ಇನ್ನೊಂದು ತಪ್ಪು ಗ್ರಹಿಕೆಯೂ ಇದೆ. ನೀಟ್ ಪರೀಕ್ಷೆಯಲ್ಲಿ ಸೀಟು ತಪ್ಪಿದವರಿಗೆ ಇದು ಸಮಾಧಾನದ ಬಹುಮಾನ ಎಂದು ಹಲವರು ತಿಳಿಯುತ್ತಾರೆ. ಹಾಗೆಂದು ಸೇರಿದವರು ಮೊದಲ ಸೆಮಿಸ್ಟರ್‌ನಲ್ಲೇ ಗಣಿತ ಮತ್ತು ಸರ್ಕ್ಯೂಟ್‌ಗಳ ನಡುವೆ ಸಿಲುಕಿ ಕಂಗಾಲಾಗುವುದುಂಟು. ಜೀವಶಾಸ್ತ್ರದ ಮೇಲಿನ ಪ್ರೀತಿ ಈ ಶಾಖೆಗೆ ಭೂಷಣವೇ ಹೌದು. ಆದರೆ ಗಣಿತದ ಮೇಲಿನ ಹಿಡಿತವಿಲ್ಲದೆ ಇಲ್ಲಿ ಮುಂದಡಿ ಇಡುವುದು ಕಷ್ಟ.

ಆಸ್ಪತ್ರೆಯೊಳಗಿನ ದಿನಚರಿ

ದೊಡ್ಡ ಆಸ್ಪತ್ರೆಗಳಲ್ಲಿ ಬಯೋಮೆಡಿಕಲ್ ವಿಭಾಗವು ಸಾಮಾನ್ಯವಾಗಿ ನೆಲಮಾಳಿಗೆಯಲ್ಲೋ ಹಿಂಬದಿಯ ಕಟ್ಟಡದಲ್ಲೋ ಇರುತ್ತದೆ. ಅಲ್ಲಿನ ಎಂಜಿನಿಯರ್‌ಗಳನ್ನು ಕ್ಲಿನಿಕಲ್ ಎಂಜಿನಿಯರ್‌ಗಳೆಂದೂ ಕರೆಯುತ್ತಾರೆ. ಯಂತ್ರ ಕೆಟ್ಟಾಗ ದುರಸ್ತಿ ಮಾಡುವುದಷ್ಟೇ ಅವರ ಕೆಲಸ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಯಂತ್ರ ಕೆಡದಂತೆ ನೋಡಿಕೊಳ್ಳುವುದೇ ಅವರ ಮೊದಲ ಕರ್ತವ್ಯ.

ಹೃದಯದ ಬಡಿತ ಮಾರಕವಾಗಿ ಲಯ ತಪ್ಪಿದಾಗ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಇದಕ್ಕೆ ಉತ್ತಮ ಉದಾಹರಣೆ. ತಿಂಗಳುಗಟ್ಟಲೆ ಅದು ಮೂಲೆಯಲ್ಲಿ ಸುಮ್ಮನೆ ಕುಳಿತಿರಬಹುದು. ಆದರೆ ಬೇಕಾದ ಕ್ಷಣದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗಬೇಕು. ವೈದ್ಯರು 200 ಜೂಲ್ ಎಂದು ಗುಂಡಿ ತಿರುಗಿಸಿದಾಗ ಹೊರಬರುವ ಶಕ್ತಿ 200ರ ಆಸುಪಾಸಿನಲ್ಲೇ ಇರಬೇಕು. ಬ್ಯಾಟರಿ ಬಳಲಿದ್ದರೆ ಇದು ಸಾಧ್ಯವಿಲ್ಲ. ಆದ್ದರಿಂದ ನಿಗದಿತ ಅವಧಿಗೊಮ್ಮೆ ಅದನ್ನು ಪರೀಕ್ಷಾ ಉಪಕರಣಕ್ಕೆ ಜೋಡಿಸಿ ಅಳೆದು, ದಾಖಲೆಯಲ್ಲಿ ಬರೆದು, ಮುಂದಿನ ಪರೀಕ್ಷೆಯ ದಿನಾಂಕವಿರುವ ಚೀಟಿಯನ್ನು ಅಂಟಿಸಲಾಗುತ್ತದೆ. ಹನಿಹನಿಯಾಗಿ ಔಷಧ ಸೇರಿಸುವ ಇನ್‌ಫ್ಯೂಷನ್ ಪಂಪ್, ಅರಿವಳಿಕೆ ಯಂತ್ರ, ವೆಂಟಿಲೇಟರ್, ಡಯಾಲಿಸಿಸ್ ಯಂತ್ರ ಹೀಗೆ ಪ್ರತಿಯೊಂದಕ್ಕೂ ಇಂತಹ ವೇಳಾಪಟ್ಟಿಯಿದೆ. ಅಳತೆಯ ಈ ತಾಳೆ ನೋಡುವಿಕೆಗೆ ಕ್ಯಾಲಿಬ್ರೇಷನ್ ಎಂದು ಹೆಸರು.

ವಿದ್ಯುತ್ ಸುರಕ್ಷತೆಯ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಮನೆಯಲ್ಲಿ ಫ್ರಿಜ್ಜನ್ನು ಮುಟ್ಟಿದಾಗ ಜುಮ್ಮೆನ್ನುವಷ್ಟು ಸೋರಿಕೆ ವಿದ್ಯುತ್ತನ್ನು ಆರೋಗ್ಯವಂತನ ಒಣ ಚರ್ಮ ತಡೆದುಕೊಳ್ಳುತ್ತದೆ. ಆದರೆ ಹೃದಯಕ್ಕೆ ನೇರವಾಗಿ ತಂತಿ ಅಥವಾ ಕ್ಯಾತಿಟರ್ ಸೇರಿಸಲಾದ ರೋಗಿಗೆ ಚರ್ಮದ ರಕ್ಷಣೆಯಿಲ್ಲ. ಹಾಗಾಗಿ ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣಗಳಿಂದ ರೋಗಿಯ ದೇಹಕ್ಕೆ ಸೋರುವ ವಿದ್ಯುತ್ತು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋ ಆಂಪಿಯರ್ ಮೀರಕೂಡದೆಂದು ಐಇಸಿ 60601 ಎಂಬ ಅಂತರರಾಷ್ಟ್ರೀಯ ಮಾನದಂಡ ವಿಧಿಸುತ್ತದೆ. ಒಂದು ಆಂಪಿಯರ್‌ನ ಲಕ್ಷದಲ್ಲಿ ಒಂದು ಪಾಲು ಇದು. ಕೈಗೆ ಗೊತ್ತಾಗದಷ್ಟು ಕಡಿಮೆ ವಿದ್ಯುತ್ತು ಕೂಡ ಇಲ್ಲಿ ಅಪಾಯಕಾರಿ. ಹೀಗಾಗಿ ಐಸಿಯುವಿನ ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂಬ ಸಾದಾ ಪ್ರಶ್ನೆಯೂ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಎಂಆರ್‌ಐ ಕೊಠಡಿಯದು ಬೇರೆಯೇ ಕಥೆ. ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದ ಅದರ ಅಯಸ್ಕಾಂತವು ಸ್ಕ್ಯಾನ್ ನಡೆಯದಿರುವಾಗಲೂ, ರಾತ್ರಿಯಿಡೀ ಚಾಲೂ ಇರುತ್ತದೆ. ಇದನ್ನು ಅರಿಯದೆ ಆದ ದುರಂತಗಳಿವೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೊಠಡಿಗೆ ಹೋದ ರೋಗಿಯ ಸಂಬಂಧಿಯೊಬ್ಬರು ಯಂತ್ರದತ್ತ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಅಲ್ಲಿ ಯಂತ್ರವೇನೂ ಕೆಟ್ಟಿರಲಿಲ್ಲ. ಅದು ತನ್ನ ಗುಣಕ್ಕೆ ತಕ್ಕಂತೆಯೇ ವರ್ತಿಸಿತ್ತು. ಯಾರು ಏನನ್ನು ಎಲ್ಲಿಯವರೆಗೆ ಒಯ್ಯಬಹುದು ಎಂಬ ಶಿಸ್ತನ್ನು ಆಸ್ಪತ್ರೆಯ ಎಲ್ಲ ಸಿಬ್ಬಂದಿಗೂ, ವಾರ್ಡ್ ಸಹಾಯಕರಿಗೂ ಕಲಿಸುವುದು ಈ ಎಂಜಿನಿಯರ್‌ಗಳ ಹೊಣೆಯ ಭಾಗವೇ ಆಗಿದೆ.

ಖರೀದಿಯ ಹೊತ್ತಿನಲ್ಲಿ

ಯಂತ್ರವನ್ನು ಕೊಳ್ಳುವ ಮುನ್ನ ಅದರ ತಾಂತ್ರಿಕ ವಿವರಣೆಯನ್ನು ಸಿದ್ಧಪಡಿಸುವುದು ಮತ್ತೊಂದು ಮುಖ್ಯ ಕೆಲಸ. ಬೆಲೆಯಲ್ಲಿ ಅಗ್ಗವೆನಿಸಿದ ಯಂತ್ರ ಬಳಕೆಯಲ್ಲಿ ದುಬಾರಿಯಾಗುವುದುಂಟು. ರಕ್ತಪರೀಕ್ಷೆಯ ಕೆಲವು ಯಂತ್ರಗಳಿಗೆ ಅದೇ ಕಂಪನಿಯ ರಾಸಾಯನಿಕವೇ ಬೇಕು. ಯಂತ್ರ ಸೋವಿಯಾಗಿ ಬಂದರೂ ಆ ರಾಸಾಯನಿಕಕ್ಕೆ ವರ್ಷಗಟ್ಟಲೆ ಹಣ ತೆರಬೇಕಾಗುತ್ತದೆ. ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ಸೇವಾ ಎಂಜಿನಿಯರ್ ಯಾವ ಊರಿನಿಂದ ಬರಬೇಕು, ನಿರ್ವಹಣಾ ಒಪ್ಪಂದದಲ್ಲಿ ಬಿಡಿಭಾಗದ ಬೆಲೆಯೂ ಸೇರಿದೆಯೇ ಅಥವಾ ಕೂಲಿಯಷ್ಟೇ ಸೇರಿದೆಯೇ ಎಂಬ ಪ್ರಶ್ನೆಗಳನ್ನು ಟೆಂಡರಿನ ಹಂತದಲ್ಲೇ ಕೇಳಬೇಕು. ಸಮಗ್ರ ನಿರ್ವಹಣಾ ಒಪ್ಪಂದಕ್ಕೂ ಸಾಮಾನ್ಯ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೂ ಇರುವ ಈ ವ್ಯತ್ಯಾಸವನ್ನು ಅರಿಯದೆ ಸಹಿ ಹಾಕಿ, ಬಳಿಕ ಎಕ್ಸ್‌ರೇ ಟ್ಯೂಬಿನ ಬೆಲೆ ಕೇಳಿ ಬೆಚ್ಚುವ ಆಸ್ಪತ್ರೆಗಳಿಗೆ ಕೊರತೆಯಿಲ್ಲ.

ಮೂಲೆ ಸೇರಿದ ಯಂತ್ರಗಳು

ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ "ಯಂತ್ರ ಕೆಟ್ಟಿದೆ, ಹೊರಗೆ ಮಾಡಿಸಿಕೊಂಡು ಬನ್ನಿ" ಎಂಬ ಮಾತು ಹೊಸತಲ್ಲ. ಇದರ ಹಿಂದಿರುವ ಸಮಸ್ಯೆಯ ಗಾತ್ರ ಅಂಕಿಅಂಶಗಳಲ್ಲಿ ಬಯಲಾದುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಉಪಕರಣಗಳ ಗಣತಿ ನಡೆದಾಗ. 29,115 ಆರೋಗ್ಯ ಸಂಸ್ಥೆಗಳಲ್ಲಿ ಸುಮಾರು 4,564 ಕೋಟಿ ರೂಪಾಯಿ ಮೌಲ್ಯದ 7,56,750 ಉಪಕರಣಗಳನ್ನು ಗುರುತಿಸಲಾಯಿತು. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದರೂ ಶೇ 13ರಿಂದ ಶೇ 34ರಷ್ಟು ಉಪಕರಣಗಳು ಕೆಲಸ ಮಾಡುತ್ತಿರಲಿಲ್ಲ ಎಂಬುದು ಕಂಡುಬಂತು. ಇದರ ಫಲವಾಗಿ 2015ರಲ್ಲಿ ಜೈವಿಕ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಜಾರಿಗೆ ಬಂತು. ಜಿಲ್ಲಾ ಆಸ್ಪತ್ರೆಗಳಲ್ಲಿ ಶೇ 95, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಶೇ 90 ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶೇ 80ರಷ್ಟು ಕಾಲ ಯಂತ್ರಗಳು ಚಾಲ್ತಿಯಲ್ಲಿರಬೇಕೆಂಬ ಗುರಿಯನ್ನು ಅದರಲ್ಲಿ ಇಡಲಾಯಿತು.

ಯಂತ್ರಗಳು ಮೂಲೆ ಸೇರುವುದಕ್ಕೆ ಕಾರಣಗಳು ಬಹುಪಾಲು ಸಣ್ಣವೇ. ವೋಲ್ಟೇಜ್ ಏರಿಳಿತದಿಂದ ಸುಟ್ಟ ಒಂದು ಬೋರ್ಡು, ಮುಗಿದುಹೋದ ನಿರ್ವಹಣಾ ಒಪ್ಪಂದ, ಖಾಲಿಯಾದ ರಾಸಾಯನಿಕ, ವರ್ಗವಾಗಿ ಹೋದ ತಂತ್ರಜ್ಞ, ದಾನವಾಗಿ ಬಂದರೂ ಕೈಪಿಡಿಯಿಲ್ಲದ ಯಂತ್ರ. ಬಿಚ್ಚದೆ ಉಳಿದ ಪೆಟ್ಟಿಗೆಗಳೂ ಇರುತ್ತವೆ. ಅವುಗಳನ್ನು ಇಡಲು ಬೇಕಾದ ಕೊಠಡಿಯ ವಿದ್ಯುತ್ ಸಂಪರ್ಕವೇ ಸಿದ್ಧವಾಗಿರುವುದಿಲ್ಲ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಸಂಶೋಧನೆ ಬೇಕಿಲ್ಲ. ಬೇಕಿರುವುದು ಪ್ರತಿ ಯಂತ್ರದ ಜಾತಕವನ್ನು ಕೈಯಲ್ಲಿ ಹಿಡಿದು ಬೆನ್ನು ಹತ್ತುವ ಒಬ್ಬ ತಿಳಿದ ಮನುಷ್ಯ.

ಕೋವಿಡ್ ಕಲಿಸಿದ ಪಾಠ

2020 ಮತ್ತು 2021ರಲ್ಲಿ ಈ ಪಾಠ ಇಡೀ ದೇಶಕ್ಕೆ ಮನವರಿಕೆಯಾಯಿತು. ವೆಂಟಿಲೇಟರ್‌ಗಳ ಅಭಾವ ಎದುರಾದಾಗ ಮೈಸೂರಿನ ಸ್ಕ್ಯಾನ್‌ರೇ ಟೆಕ್ನಾಲಜೀಸ್ ಜೊತೆಗೂಡಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 30,000 ವೆಂಟಿಲೇಟರ್‌ಗಳನ್ನು ತಯಾರಿಸುವ ಕಾರ್ಯಾದೇಶವನ್ನು ಕೈಗೆತ್ತಿಕೊಂಡಿತು. ರೇಡಾರ್‌ಗಳನ್ನು ತಯಾರಿಸುವ ಸಂಸ್ಥೆಯೊಂದು ರೋಗಿಯ ಶ್ವಾಸಕ್ಕೆ ನೆರವಾಗುವ ಯಂತ್ರದ ತಯಾರಿಕೆಗೆ ಇಳಿದದ್ದು ರಾಜ್ಯದ ಎಂಜಿನಿಯರಿಂಗ್ ಶಕ್ತಿಗೆ ಸಾಕ್ಷಿಯಾಯಿತು.

ಆದರೆ ವೆಂಟಿಲೇಟರ್ ಬಂದರಷ್ಟೇ ಸಾಲದು ಎಂಬುದೂ ಅದೇ ಹೊತ್ತಿನಲ್ಲಿ ಅರಿವಾಯಿತು. ಅದಕ್ಕೆ ನಿಗದಿತ ಒತ್ತಡದ ಆಮ್ಲಜನಕದ ಕೊಳವೆ ಬೇಕು; ಆಮ್ಲಜನಕದ ಪ್ರಮಾಣ ಅಳೆಯುವ ಸಂವೇದಕವನ್ನು ಕಾಲಕಾಲಕ್ಕೆ ಬದಲಿಸಬೇಕು; ನಡೆಸುವವರಿಗೆ ತರಬೇತಿ ಬೇಕು. ಎರಡನೆಯ ಅಲೆಯ ಬಳಿಕ ದೇಶದ ಉದ್ದಗಲಕ್ಕೂ ಆಸ್ಪತ್ರೆಗಳ ಅಂಗಳದಲ್ಲಿ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಘಟಕಗಳು ತಲೆಯೆತ್ತಿದವು. ಅವುಗಳ ಫಿಲ್ಟರ್ ಬದಲಿಸಿ, ಉತ್ಪನ್ನದ ಶುದ್ಧತೆಯನ್ನು ಅಳೆದು, ಬಿಡುವಿನ ಕಾಲದಲ್ಲೂ ಓಡಿಸಿ ಸಿದ್ಧವಿಡದಿದ್ದರೆ ಮುಂದಿನ ಆಪತ್ತಿಗೆ ಅವು ಒದಗುವುದಿಲ್ಲ. ಯಂತ್ರವನ್ನು ಉದ್ಘಾಟಿಸುವವರು ಹಲವರು. ಉದ್ಘಾಟನೆಯ ಮರುದಿನದಿಂದ ಅದನ್ನು ನೋಡಿಕೊಳ್ಳುವವರು ವಿರಳ.

ವಿನ್ಯಾಸದ ಲೋಕ

ಆಸ್ಪತ್ರೆಯ ಆಚೆಗೆ ಹೊಸ ಉಪಕರಣಗಳನ್ನು ರೂಪಿಸುವ ಕ್ಷೇತ್ರವಿದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಮೂಲ ತತ್ವವನ್ನು ಕಂಡುಕೊಂಡವರು ವೈದ್ಯರಲ್ಲ, ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. 1970ರ ದಶಕದ ಆರಂಭದಲ್ಲಿ ಅವರು ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಪಂಪು ಮಾಡುವ ರಕ್ತದ ಪ್ರಮಾಣವನ್ನು ಅಳೆಯಲು ಯತ್ನಿಸುತ್ತಿದ್ದರು. ನಾಡಿಮಿಡಿತದಿಂದಾಗುವ ಏರಿಳಿತವು ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ನಿವಾರಿಸಲು ಹೊರಟವರಿಗೆ ಆ ಏರಿಳಿತದಲ್ಲೇ ಅಪಧಮನಿಯ ರಕ್ತದ ಆಮ್ಲಜನಕದ ಗುಟ್ಟು ಅಡಗಿದೆ ಎಂಬುದು ಹೊಳೆಯಿತು. ಕೆಂಪು ಮತ್ತು ಅವಕೆಂಪು ಬೆಳಕನ್ನು ರಕ್ತವು ಹೀರುವ ಪ್ರಮಾಣವನ್ನು ಹೋಲಿಸಿ ಆಮ್ಲಜನಕದ ಮಟ್ಟವನ್ನು ಲೆಕ್ಕ ಹಾಕುವ ವಿಧಾನ ಹೀಗೆ ಹುಟ್ಟಿತು. ತಮ್ಮ ಸಂಶೋಧನೆ ಜಗತ್ತಿಗೆ ಅತಿ ಹೆಚ್ಚು ಬೇಕಾದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು.

ಭಾರತದ ಮಟ್ಟಿಗೆ ಇಂತಹ ಉಜ್ವಲ ನಿದರ್ಶನ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಕೃತಕ ಹೃದಯ ಕವಾಟ. ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವೈದ್ಯರು ಮತ್ತು ಎಂಜಿನಿಯರ್‌ಗಳು ಒಂದೇ ಸೂರಿನಡಿ ಕುಳಿತು ಇದನ್ನು ರೂಪಿಸಿದರು. ಆಮದು ಕವಾಟಗಳ ಬೆಲೆ ಅಂದಿನ ಬಡರೋಗಿಗಳ ಕೈಗೆಟುಕುವಂತಿರಲಿಲ್ಲ. ಆದರೆ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಹತ್ತು ವರ್ಷಗಳಲ್ಲಿ ಈ ಲೆಕ್ಕ 36 ಕೋಟಿಯನ್ನು ದಾಟುತ್ತದೆ. ಅಷ್ಟು ಬಾರಿ ತೆರೆದು ಮುಚ್ಚಿದರೂ ಸವೆಯದ, ಮುರಿಯದ, ರಕ್ತವನ್ನು ಹೆಪ್ಪುಗಟ್ಟಿಸದ ವಸ್ತು ಬೇಕಿತ್ತು. ಮೊದಲ ಮೂರು ಮಾದರಿಗಳು ಪರೀಕ್ಷೆಗಳಲ್ಲಿ ಸೋತವು. ನಾಲ್ಕನೆಯ ಮಾದರಿಯಲ್ಲಿ ಲೋಹದ ಚೌಕಟ್ಟಿಗೆ ವಿಶೇಷ ಬಗೆಯ ಪಾಲಿಎಥಿಲೀನ್ ಬಿಲ್ಲೆಯನ್ನು ಹೊಂದಿಸಲಾಯಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅಂದಿನಿಂದ ಈ ಕವಾಟ 1 ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ತಲುಪಿದೆ. ಬಳಿಕ ವಲಿಯತ್ತಾನ್ ಅವರು ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದು, ಅಲ್ಲಿಯೇ ನೆಲೆಸಿ, 2024ರ ಜುಲೈನಲ್ಲಿ ನಿಧನರಾದರು.

ಮೂರು ಸೋಲುಗಳ ಬಳಿಕ ನಾಲ್ಕನೆಯ ಯತ್ನಕ್ಕೆ ಕೈಹಾಕುವ ತಾಳ್ಮೆ ಈ ವೃತ್ತಿಯ ಅವಿಭಾಜ್ಯ ಗುಣ. ಮೊಬೈಲ್ ಆ್ಯಪ್‌ನಂತೆ ದೋಷವಿದ್ದರೂ ಮಾರುಕಟ್ಟೆಗೆ ಬಿಟ್ಟು, ಅನಂತರ ತಿದ್ದಿದರಾಯಿತು ಎನ್ನುವ ರೂಢಿ ಇಲ್ಲಿ ನಡೆಯದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಿಂದ ಆರು ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ತುತ್ತಾದರು. ಹಲವರು ಅದರಿಂದಲೇ ಸತ್ತರು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರ್‌ಗೆ ಒಪ್ಪಿಸಿದ್ದು, ಆ ಸಾಫ್ಟ್‌ವೇರ್‌ನಲ್ಲಿ ದೋಷವಿದ್ದದ್ದು ಇದಕ್ಕೆ ಕಾರಣವಾಗಿತ್ತು. ಕೃತಕ ಬುದ್ಧಿಮತ್ತೆಯು ಎಕ್ಸ್‌ರೇ ಓದತೊಡಗಿರುವ ಇಂದು ಈ ಹಳೆಯ ಪ್ರಕರಣ ಇನ್ನಷ್ಟು ಪ್ರಸ್ತುತ.

ಕಾನೂನಿನ ಚೌಕಟ್ಟು

ಭಾರತದಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ರೂಪುಗೊಂಡು 2018ರ ಜನವರಿ 1ರಿಂದ ಜಾರಿಗೆ ಬಂದವು. ಅಪಾಯದ ಮಟ್ಟಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ನಾಲಿಗೆ ಒತ್ತಿ ಹಿಡಿಯುವ ಕಡ್ಡಿಯಂಥದ್ದು ಎ ವರ್ಗಕ್ಕೆ, ಚುಚ್ಚುಮದ್ದಿನ ಸೂಜಿ ಬಿ ವರ್ಗಕ್ಕೆ, ವೆಂಟಿಲೇಟರ್ ಸಿ ವರ್ಗಕ್ಕೆ, ಹೃದಯ ಕವಾಟ ಡಿ ವರ್ಗಕ್ಕೆ ಸೇರುತ್ತವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ದೃಷ್ಟಿಯಲ್ಲಿ ಔಷಧಗಳ ವ್ಯಾಪ್ತಿಗೆ ತರಲಾಯಿತು. ಮೊದಲೆರಡು ವರ್ಗಗಳಿಗೆ 2022ರ ಅಕ್ಟೋಬರ್‌ನಿಂದ, ಉಳಿದೆರಡಕ್ಕೆ 2023ರ ಅಕ್ಟೋಬರ್‌ನಿಂದ ಪರವಾನಗಿ ವ್ಯವಸ್ಥೆ ಅನ್ವಯವಾಯಿತು.

ಈ ಬದಲಾವಣೆಯಿಂದ ಹೊಸದೊಂದು ಉದ್ಯೋಗ ಕ್ಷೇತ್ರ ತೆರೆದುಕೊಂಡಿದೆ. ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ಅಪಾಯ ನಿರ್ವಹಣೆಗೆ ಐಎಸ್‌ಒ 14971 ಮುಂತಾದ ಮಾನದಂಡಗಳನ್ನು ಅರಿತು, ಪರೀಕ್ಷಾ ವರದಿಗಳನ್ನು ಕ್ರಮಬದ್ಧವಾಗಿ ಸಿದ್ಧಪಡಿಸಿ, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಮುಂದಿಡುವ ತಜ್ಞರು ಕಂಪನಿಗಳಿಗೆ ಬೇಕಾಗಿದ್ದಾರೆ. ಬರೆಯುವ ಕೌಶಲವುಳ್ಳ ಎಂಜಿನಿಯರ್‌ಗೆ ಇಲ್ಲಿ ಬೆಲೆಯಿದೆ. ಸಾಧನಗಳಿಂದ ಆದ ಹಾನಿಯನ್ನು ವರದಿ ಮಾಡಲು 2015ರ ಜುಲೈನಲ್ಲಿ ಆರಂಭಗೊಂಡ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಆಸ್ಪತ್ರೆಯ ಎಂಜಿನಿಯರ್ ಅದರ ಕಣ್ಣು, ಕಿವಿ.

ಎಕ್ಸ್‌ರೇ, ಸಿ.ಟಿ. ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಣಿಯಿಲ್ಲದ ಕೇಂದ್ರಕ್ಕೆ ಮಾರುವುದು, ಬಾಡಿಗೆಗೆ ಕೊಡುವುದು ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅಪರಾಧ. ಯಂತ್ರ ಮಾರಾಟದ ಗುರಿ ಹೊತ್ತ ಯುವ ಎಂಜಿನಿಯರ್ ತನ್ನ ಒಂದು ಸಹಿಯ ಹಿಂದೆ ಹೆಣ್ಣುಶಿಶುಗಳ ಬದುಕಿನ ಪ್ರಶ್ನೆಯೂ ಇದೆ ಎಂಬುದನ್ನು ಮರೆಯಬಾರದು.

ಯಾರು ಸೇರಬಹುದು?

ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಬಿ.ಇ. ಪದವಿಗೆ ಸಿಇಟಿ ಮೂಲಕ ಪ್ರವೇಶ ಪಡೆಯಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಅವುಗಳೊಂದಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ವಿಜ್ಞಾನದಂತಹ ಇನ್ನೊಂದು ವಿಷಯವಿರಬೇಕು. ಸಾಮಾನ್ಯ ವರ್ಗದವರಿಗೆ ಈ ವಿಷಯಗಳಲ್ಲಿ ಒಟ್ಟು ಶೇ 45, ಮೀಸಲು ವರ್ಗಗಳಿಗೆ ಶೇ 40 ಅಂಕ ಅಗತ್ಯ. ರ್‍ಯಾಂಕ್ ನಿರ್ಧರಿಸುವಾಗ ಪಿಯುಸಿ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು. ಜೀವಶಾಸ್ತ್ರ ಓದಿರಲೇಬೇಕೆಂದಿಲ್ಲ, ಬೇಕಾದಷ್ಟನ್ನು ಕಾಲೇಜಿನಲ್ಲೇ ಕಲಿಸಲಾಗುತ್ತದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರಿಗೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ.

ಹೆಸರಿನ ವಿಷಯದಲ್ಲಿ ಎಚ್ಚರಿಕೆ ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬೆಂಗಳೂರಿನ ಬಿಎಂಎಸ್, ದಯಾನಂದ ಸಾಗರ ಸೇರಿದಂತೆ ಕೆಲವು ಕಾಲೇಜುಗಳು ಇದನ್ನು 'ಮೆಡಿಕಲ್ ಎಲೆಕ್ಟ್ರಾನಿಕ್ಸ್' ಎಂಬ ಹೆಸರಿನಲ್ಲಿ ಬೋಧಿಸಿಕೊಂಡು ಬಂದಿವೆ. ಮಣಿಪಾಲದ ತಾಂತ್ರಿಕ ಸಂಸ್ಥೆಯಲ್ಲಿ 'ಬಯೋಮೆಡಿಕಲ್' ಎಂಬ ಹೆಸರೇ ಇದೆ. ಕೋರ್ಸು ಮತ್ತು ಸೀಟುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯ್ಕೆಗೆ ಮುನ್ನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪಟ್ಟಿಯನ್ನು ನೋಡುವುದು ಒಳಿತು.

ಉನ್ನತ ವ್ಯಾಸಂಗಕ್ಕೆ ಗೇಟ್ ಪರೀಕ್ಷೆ ಹೆಬ್ಬಾಗಿಲು. ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ 2020ರಿಂದ ಅದರಲ್ಲಿ ಪ್ರತ್ಯೇಕ ಪ್ರಶ್ನೆಪತ್ರಿಕೆಯನ್ನೇ ಇಡಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಯೋಎಂಜಿನಿಯರಿಂಗ್ ವಿಭಾಗ, ಏಮ್ಸ್ ಜೊತೆಗೂಡಿ 1971ರಲ್ಲಿ ಹುಟ್ಟಿದ ದೆಹಲಿ ಐಐಟಿಯ ಕೇಂದ್ರ, ಮುಂಬಯಿ ಮತ್ತು ಹೈದರಾಬಾದ್ ಐಐಟಿಗಳು ಪ್ರಮುಖ ತಾಣಗಳು. ಮದ್ರಾಸ್ ಐಐಟಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಶ್ರೀ ಚಿತ್ರಾ ಸಂಸ್ಥೆ ಒಗ್ಗೂಡಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಕೋರ್ಸಿನಲ್ಲಿ ವಿದ್ಯಾರ್ಥಿಗಳಿಗೆ ಆಸ್ಪತ್ರೆಯೇ ಪಾಠಶಾಲೆಯಾಗುತ್ತದೆ.

ಉದ್ಯೋಗದ ವಾಸ್ತವ

ಬೆಂಗಳೂರು ವೈದ್ಯಕೀಯ ಉಪಕರಣ ತಂತ್ರಜ್ಞಾನದ ದೊಡ್ಡ ಕೇಂದ್ರ. ಜಿಇ ಹೆಲ್ತ್‌ಕೇರ್, ಫಿಲಿಪ್ಸ್, ಸೀಮೆನ್ಸ್ ಹೆಲ್ದಿನಿಯರ್ಸ್ ಸಂಸ್ಥೆಗಳ ಅಭಿವೃದ್ಧಿ ಕೇಂದ್ರಗಳು ಇಲ್ಲಿವೆ. ಕಣ್ಣಿನ ಪರೀಕ್ಷೆಯ ಸಾಧನಗಳನ್ನು ರೂಪಿಸಿದ ಫೋರಸ್ ಹೆಲ್ತ್, ರೆಮಿಡಿಯೊ ಮುಂತಾದ ಸ್ಥಳೀಯ ಕಂಪನಿಗಳೂ ಇಲ್ಲಿಯೇ ಬೆಳೆದಿವೆ. ಖಾಸಗಿ ಆಸ್ಪತ್ರೆಗಳು, ಕ್ಯಾಲಿಬ್ರೇಷನ್ ಪ್ರಯೋಗಾಲಯಗಳು, ಸೇವಾ ಏಜೆನ್ಸಿಗಳು, ಸರ್ಕಾರಿ ಖರೀದಿ ನಿಗಮಗಳು, ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು ಇನ್ನುಳಿದ ದಾರಿಗಳು.

ಆದರೂ ಬಣ್ಣ ಹಚ್ಚದೆ ಹೇಳಬೇಕಾದ ಮಾತುಗಳಿವೆ. ದೊಡ್ಡ ಕಂಪನಿಗಳ ವಿನ್ಯಾಸ ವಿಭಾಗಗಳು ಬಯೋಮೆಡಿಕಲ್ ಪದವೀಧರರನ್ನಷ್ಟೇ ಹುಡುಕುವುದಿಲ್ಲ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ವಿಜ್ಞಾನದವರೊಂದಿಗೆ ಅವರು ಸ್ಪರ್ಧಿಸಬೇಕಾಗುತ್ತದೆ. ಎಲ್ಲ ವಿಷಯಗಳನ್ನೂ ಸ್ವಲ್ಪಸ್ವಲ್ಪ ಕಲಿತು ಯಾವುದರಲ್ಲೂ ಆಳವಿಲ್ಲದೆ ಉಳಿಯುವ ಅಪಾಯ ಈ ಶಾಖೆಗಿದೆ. ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಸಾಫ್ಟ್‌ವೇರ್ ಉದ್ಯೋಗಗಳಿಗೆ ಹೋಲಿಸಿದರೆ ಕಡಿಮೆ. ಪಾಳಿಯ ದುಡಿಮೆ, ರಾತ್ರಿಯ ಕರೆಗಳು ಸಾಮಾನ್ಯ.  ಹುದ್ದೆಯ ಹೆಸರು, ದರ್ಜೆ, ಬಡ್ತಿ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಬಗೆ. ಸಾಕಷ್ಟು ಪದವೀಧರರು ಕೊನೆಗೆ ಸಾಫ್ಟ್‌ವೇರ್ ಕಂಪನಿಗಳನ್ನೇ ಸೇರುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ ಓದಿನ ದಿನಗಳಲ್ಲೇ ಆರಂಭವಾಗಬೇಕು. ಎರಡನೆಯ ವರ್ಷದ ಹೊತ್ತಿಗೆ ಸಂಕೇತ ಸಂಸ್ಕರಣೆ, ಎಂಬೆಡೆಡ್ ವ್ಯವಸ್ಥೆ, ವೈದ್ಯಕೀಯ ಚಿತ್ರಣ, ಜೈವಿಕ ವಸ್ತುಗಳು ಅಥವಾ ನಿಯಂತ್ರಣ ಕಾನೂನು, ಇವುಗಳಲ್ಲಿ ಯಾವುದಾದರೊಂದನ್ನು ಆಳವಾಗಿ ಹಿಡಿಯುವುದು ಉತ್ತಮ. ರಜೆಯಲ್ಲಿ ಆಸ್ಪತ್ರೆಯೊಂದರ ಬಯೋಮೆಡಿಕಲ್ ವಿಭಾಗದಲ್ಲಿ ಕೆಲವು ವಾರ ತರಬೇತಿ ಪಡೆದವರಿಗೂ ಪುಸ್ತಕದಲ್ಲಷ್ಟೇ ವೆಂಟಿಲೇಟರ್ ಕಂಡವರಿಗೂ ಇರುವ ಅಂತರ ಸಂದರ್ಶನದ ಮೊದಲ ಐದು ನಿಮಿಷಗಳಲ್ಲೇ ತಿಳಿದುಬಿಡುತ್ತದೆ. ಕಾಲೇಜು ಆಯ್ಕೆ ಮಾಡುವಾಗಲೂ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ, ಯಾವ ಯಂತ್ರಗಳನ್ನು ಕೈಯಿಂದ ಮುಟ್ಟುತ್ತಾರೆ?

ಪದವಿಯ ಜೊತೆಗೆ ಬೇಕಾದ ಗುಣಗಳು ಕೆಲವಿವೆ. ತಡರಾತ್ರಿಯ ಒತ್ತಡದಲ್ಲೂ ಕೈ ನಡುಗದಿರುವುದು ಒಂದು. ಹಿರಿಯ ಶಸ್ತ್ರಚಿಕಿತ್ಸಕರ ಮುಂದೆಯೂ "ಈ ಯಂತ್ರ ಇಂದು ಬಳಸಲು ಯೋಗ್ಯವಲ್ಲ" ಎಂದು ವಿನಯದಿಂದ, ಆದರೆ ದೃಢವಾಗಿ ಹೇಳುವ ಧೈರ್ಯ ಇನ್ನೊಂದು. ಯಂತ್ರದ ದೋಷವನ್ನು ದಾದಿಯರ ಮಾತಿನಿಂದಲೇ ಗ್ರಹಿಸುವ ಕಿವಿ ಮತ್ತೊಂದು. ಯಂತ್ರದ ಪಕ್ಕದಲ್ಲಿ ದಿನವಿಡೀ ನಿಲ್ಲುವವರು ಅವರೇ. ರಾಜ್ಯದ ಒಳನಾಡಿನ ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ಸರಳವಾಗಿ ತರಬೇತಿ ನೀಡಬಲ್ಲ, ಯಂತ್ರದ ಇಂಗ್ಲಿಷ್ ಕೈಪಿಡಿಯ ಸಾರವನ್ನು ಒಂದು ಪುಟದ ಕನ್ನಡ ಸೂಚನೆಯಾಗಿ ಬರೆದು ಗೋಡೆಗೆ ಅಂಟಿಸಬಲ್ಲ ಎಂಜಿನಿಯರ್‌ನ ಬೆಲೆ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ.

ಚಿಕಿತ್ಸೆ ಫಲಿಸಿದಾಗ ರೋಗಿಯು ವೈದ್ಯರಿಗೆ ಕೈಮುಗಿಯುತ್ತಾನೆ, ದಾದಿಗೆ ಕೃತಜ್ಞತೆ ಹೇಳುತ್ತಾನೆ. ವಾರ್ಮರಿನ ಸಂವೇದಕವನ್ನು ಹಿಂದಿನ ವಾರವೇ ತಾಳೆ ನೋಡಿ ಚೀಟಿ ಅಂಟಿಸಿ ಹೋದವರ ಹೆಸರು ಅವನಿಗೆ ತಿಳಿಯುವುದಿಲ್ಲ; ತಿಳಿಯಬೇಕಾದ ಸಂದರ್ಭ ಬರದಿದ್ದರೆ ಅದೇ ಆ ಕೆಲಸದ ಸಾರ್ಥಕತೆ. ಆದರೆ ಆಸ್ಪತ್ರೆಗಳನ್ನು ಕಟ್ಟುವವರಿಗೂ ಯಂತ್ರಗಳಿಗೆ ಹಣ ಮಂಜೂರು ಮಾಡುವವರಿಗೂ ಅವರ ಹೆಸರು ತಿಳಿದಿರಬೇಕು. ಅವರಿಗೊಂದು ಕಾಯಂ ಹುದ್ದೆ, ಪರೀಕ್ಷಾ ಉಪಕರಣಗಳಿರುವ ಒಂದು ಕೋಣೆ ಮತ್ತು ಬೇಡವೆನ್ನುವ ಅಧಿಕಾರ ಇಲ್ಲದಿದ್ದರೆ, ಕೋಟಿಗಟ್ಟಲೆ ಬೆಲೆಯ ಯಂತ್ರ ಕೂಡ ಹೊದಿಕೆ ಹೊದ್ದು ಮೂಲೆ ಸೇರಲು ಹೆಚ್ಚು ಕಾಲ ಬೇಕಾಗುವುದಿಲ್ಲ.